ಹಾಜರಿ ಪುಸ್ತಕದ ಕೆಂಪು ಗೆರೆ

ನಮ್ಮ ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ವರ್ಷವರ್ಷವೂ ಕೇಳಿಬರುವ ಒಂದು ಮಾತಿದೆ: 'ಆ ಹುಡುಗಿ ಕಾಲೇಜು ಬಿಟ್ಟಳಂತೆ, ಮದುವೆ ಆಯ್ತಂತೆ.' ಇಷ್ಟು ಹೇಳಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಒಂದು ಗೆರೆ ಎಳೆದರೆ ಸಂಸ್ಥೆಯ ಮಟ್ಟಿಗೆ ಅವಳ ಕಥೆ ಮುಗಿಯಿತು. 'ಬಿಟ್ಟಳು' ಎಂಬ ಮಾತನ್ನು ದಯವಿಟ್ಟು ಗಮನಿಸಿ. ಬಿಟ್ಟವಳು ಅವಳಲ್ಲ, ಬಿಡಿಸಿದವರು ಬೇರೆ ಇದ್ದಾರೆ. ಆದರೆ ನಮ್ಮ ಭಾಷೆ ಬಿಡಿಸಿದವರನ್ನು ಮರೆಮಾಡಿ, ಹೊಣೆಯನ್ನೆಲ್ಲ ಹದಿನೇಳರ ಹುಡುಗಿಯ ತಲೆಗೆ ಕಟ್ಟುತ್ತದೆ.

ವರದಕ್ಷಿಣೆ ಮತ್ತು ಕೌಟುಂಬಿಕ ಹಿಂಸೆಯ ವಿರುದ್ಧ ಹೋರಾಡುವ ಪತ್ರಿಕೆಯಲ್ಲಿ ಕಾಲೇಜಿನ ಹಾಜರಿಯ ಮಾತೇಕೆ ಎಂದು ಓದುಗರು ಕೇಳಬಹುದು. ಸುಟ್ಟುಹೋದ, ನೇಣಿಗೇರಿದ, ತವರಿಗೆ ಅಟ್ಟಲ್ಪಟ್ಟ ಹೆಣ್ಣುಮಕ್ಕಳ ಬಗ್ಗೆ ನಾವು ಬರೆಯುತ್ತಲೇ ಬಂದಿದ್ದೇವೆ, ಬರೆಯಲೇಬೇಕು. ಆದರೆ ಅಂಥ ಪ್ರತಿಯೊಬ್ಬಳ ಬದುಕನ್ನೂ ಎರಡು ಮೂರು ವರ್ಷ ಹಿಂದಕ್ಕೆ ಸರಿಸಿ ನೋಡಿ. ಅಲ್ಲಿ ಎಷ್ಟೋ ಸಲ ಅರ್ಧಕ್ಕೆ ನಿಂತ ಓದು, ಕಾಲೇಜಿನಲ್ಲೇ ಉಳಿದುಹೋದ ಅಂಕಪಟ್ಟಿ, 'ನಮಗೇಕೆ ಬೇಕು' ಎಂದು ಸುಮ್ಮನಾದ ಅಧ್ಯಾಪಕ ವರ್ಗ ಕಾಣಿಸುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಬೋಧಿಸಿ ನಿವೃತ್ತಳಾದವಳು ನಾನು. ನನ್ನ ಪ್ರಶ್ನೆ ನನ್ನ ವೃತ್ತಿಯವರಿಗೇ.

ಮೊದಲು ಲೆಕ್ಕಾಚಾರ. ತಂದೆತಾಯಿ ಅಜ್ಞಾನದಿಂದ ಮಗಳ ಓದು ನಿಲ್ಲಿಸುತ್ತಾರೆ ಎಂಬುದು ಪಟ್ಟಣದವರ ಸುಲಭದ ಮಾತು. ಅವರದು ಅಜ್ಞಾನವಲ್ಲ, ಕರಾರುವಾಕ್ಕಾದ ಲೆಕ್ಕ. ಪಿ.ಯು.ಸಿ. ಓದಿದವಳಿಗೆ ಡಿಗ್ರಿ ಓದಿದ ವರ ಬೇಕು. ಡಿಗ್ರಿ ಓದಿದವಳಿಗೆ ನೌಕರಿಯ ವರ ಬೇಕು. ನೌಕರಿಯ ವರನ ಬೆಲೆಯೇ ಬೇರೆ. ಹುಡುಗಿಯ ಓದು ಒಂದೊಂದು ಮೆಟ್ಟಿಲು ಏರಿದಂತೆ ವರನ ಕಡೆಯವರ 'ವರೋಪಚಾರ'ವೂ ಏರುತ್ತದೆ, ವಯಸ್ಸು ಏರಿದರೆ ಇನ್ನೂ ಏರುತ್ತದೆ. ಹಾಗಾಗಿ ಬೇಗ, ಕಡಿಮೆ ಓದಿನಲ್ಲಿ ಮುಗಿಸಿಬಿಡುವುದು ಸಾಲಗಾರ ತಂದೆಗೆ ಉಳಿತಾಯವಾಗಿ ಕಾಣುತ್ತದೆ. ಅಕ್ಕನ ಮದುವೆಯ ಚಪ್ಪರದಲ್ಲೇ ಹದಿನಾರರ ತಂಗಿಗೂ ತಾಳಿ ಕಟ್ಟಿಸಿದರೆ ಅಡುಗೆ, ಓಲಗ, ಶಾಮಿಯಾನ ಎಲ್ಲವೂ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ಈ ಉಳಿತಾಯದ ಬೆಲೆ ತೆರುವವಳು ಯಾರೆಂದು ಕೇಳುವವರಿಲ್ಲ.

ಸರ್ಕಾರದ ಯೋಜನೆಗಳೂ ಈ ಲೆಕ್ಕದೊಳಗೆ ಕರಗಿಹೋಗುತ್ತವೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಕ್ಕಳಿಗಾಗಿ ಬಂದ ಭಾಗ್ಯಲಕ್ಷ್ಮಿ ಬಾಂಡ್ ಹದಿನೆಂಟು ತುಂಬಿದ ಮೇಲೆ ಕೈಗೆ ಬರುತ್ತದೆ. ಅದುವರೆಗೆ ಮದುವೆಯಾಗಿರಬಾರದು, ಎಂಟನೇ ತರಗತಿಯವರೆಗಾದರೂ ಓದಿರಬೇಕು ಎಂಬ ಷರತ್ತು ಒಳ್ಳೆಯದೇ. ಆದರೆ ಆ ದುಡ್ಡನ್ನು ಮಗಳ ಡಿಗ್ರಿ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಮನೆಗಳೆಷ್ಟು, ಮದುವೆಯ ಖರ್ಚಿಗೆಂದು ಎತ್ತಿಟ್ಟ ಮನೆಗಳೆಷ್ಟು? ನಿಮ್ಮ ಊರಿನಲ್ಲೇ ಕೇಳಿ ನೋಡಿ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಕೈ ಹಿಡಿಯುವುದು 6ರಿಂದ 14 ವರ್ಷದವರೆಗೆ ಮಾತ್ರ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 18ಕ್ಕೆ ಮೊದಲು ಹುಡುಗಿಯ ಮದುವೆ ಕೂಡದೆನ್ನುತ್ತದೆ. ನಮ್ಮ ರಾಜ್ಯ 2016ರ ತಿದ್ದುಪಡಿಯ ಮೂಲಕ ಅಂಥ ಮದುವೆಯನ್ನು ಆರಂಭದಿಂದಲೇ ಅನೂರ್ಜಿತವೆಂದು ಸಾರಿತು. ಆದರೆ 14 ಮತ್ತು 18ರ ನಡುವೆ ನಾಲ್ಕು ವರ್ಷಗಳಿವೆ. ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಈ ಅವಧಿಯಲ್ಲಿ ಮಗಳನ್ನು ಓದು ಬಿಡಿಸಿದರೆ ಶಿಕ್ಷಣ ಹಕ್ಕಿನ ಕಾನೂನು ಕೇಳುವುದಿಲ್ಲ. ಮದುವೆ ಮಾಡಿದರೆ ಕೇಳುತ್ತದೆ, ಆದರೆ ಸುದ್ದಿ ಮುಟ್ಟುವಷ್ಟರಲ್ಲಿ ತಾಳಿ ಬಿದ್ದಿರುತ್ತದೆ. ಈ ನಾಲ್ಕು ವರ್ಷ ಅವಳನ್ನು ಪ್ರತಿದಿನ ಕಣ್ಣಾರೆ ಕಾಣುವ ಸಾರ್ವಜನಿಕ ಸಂಸ್ಥೆ ಶಾಲೆ ಕಾಲೇಜು ಒಂದೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ 2015-16ರ ಸಮೀಕ್ಷೆಯಲ್ಲೂ ಈ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇತ್ತು. ಅದೇ ಸಮೀಕ್ಷೆಯಲ್ಲಿ ಗಂಡನ ಹಿಂಸೆಗೆ ಒಳಗಾಗಿದ್ದೇವೆ ಎಂದ ವಿವಾಹಿತೆಯರ ಪ್ರಮಾಣ ನಮ್ಮ ರಾಜ್ಯದಲ್ಲಿ ಶೇ. 44.4. ಈ ಎರಡು ಅಂಕಿಗಳನ್ನು ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿಟ್ಟು ಮರೆಯುವುದು ಸರ್ಕಾರಕ್ಕೆ ಅನುಕೂಲ. ನಾವಾದರೂ ಒಟ್ಟಿಗೆ ಓದಬೇಕು. ಕೈಯಲ್ಲಿ ಸರ್ಟಿಫಿಕೇಟು ಇಲ್ಲದವಳು, ದುಡಿಮೆಯ ದಾರಿ ಕಾಣದವಳು ಹೊಡೆಯುವ ಮನೆಯಿಂದ ಹೊರಬಂದು ಎಲ್ಲಿ ನಿಲ್ಲಬೇಕು?

ಅಧ್ಯಾಪಕರು 'ನಮಗೆ ಗೊತ್ತೇ ಆಗಲಿಲ್ಲ' ಎನ್ನುತ್ತಾರೆ. ಇದು ನಿಜವಲ್ಲ. ಕಾಲೇಜಿನಲ್ಲಿ ಯಾರಿಗಾದರೂ ಒಬ್ಬರಿಗೆ ಗೊತ್ತಿದ್ದೇ ಇರುತ್ತದೆ. ಅಟೆಂಡರ್ ಅದೇ ಊರಿನವಳು, ಅವಳಿಗೆ ಗೊತ್ತು. ಟಿ.ಸಿ. ಕೇಳಲು ಬಂದ ಚಿಕ್ಕಪ್ಪನನ್ನು ಮಾತಾಡಿಸಿದ ಗುಮಾಸ್ತರಿಗೆ ಗೊತ್ತು. ಹಾಸ್ಟೆಲಿನ ವಾರ್ಡನ್‌ಗೆ ಗೊತ್ತು, ಪಕ್ಕದ ಬೆಂಚಿನ ಗೆಳತಿಗಂತೂ ಖಂಡಿತ ಗೊತ್ತು. ಸೋಮವಾರದಿಂದ ಶನಿವಾರದವರೆಗೆ ಬರುತ್ತಿದ್ದವಳು ವಾರಕ್ಕೆರಡು ದಿನ ತಪ್ಪಿಸತೊಡಗುತ್ತಾಳೆ. 'ಮನೆಯಲ್ಲಿ ಶುಭಕಾರ್ಯವಿರುವ ಕಾರಣ' ಎಂದು ರಜಾ ಅರ್ಜಿ ಬರುತ್ತದೆ. ಕೈಗೆ ಹಸಿರು ಬಳೆ ಏರುತ್ತದೆ. ಟಿ.ಸಿ.ಯಲ್ಲಿ ಬಿಟ್ಟ ಕಾರಣಕ್ಕೆ 'ಪೋಷಕರ ಕೋರಿಕೆ' ಎಂದು ಬರೆದು ಮೊಹರು ಒತ್ತುವಾಗ, ಆ ಕೋರಿಕೆ ಏನೆಂದು ಒಂದು ಮಾತು ಕೇಳಲು ಗುಮಾಸ್ತರಿಗೆ ಯಾವ ಸುತ್ತೋಲೆ ಬೇಕು?

ಎಲ್ಲಕ್ಕಿಂತ ಅಪಾಯದ ವಾರ ಫಲಿತಾಂಶದ ವಾರ. ಎಸ್.ಎಸ್.ಎಲ್.ಸಿ.ಯಲ್ಲೋ ಪಿ.ಯು.ಸಿ.ಯಲ್ಲೋ ಗಣಿತ, ಇಂಗ್ಲಿಷ್ ಹೋಯಿತೆಂದರೆ ಹುಡುಗನಿಗೆ ಟ್ಯೂಷನ್, ಹುಡುಗಿಗೆ ಲಗ್ನಪತ್ರಿಕೆ. ನಪಾಸು ಎಂಬ ಒಂದು ಪದಕ್ಕಾಗಿ ಕಾದಿದ್ದವರಂತೆ ಬಂಧುಬಳಗ ಬಾಗಿಲಿಗೆ ಬರುತ್ತದೆ. ಆ ಹೊತ್ತಿಗೆ ಮದುವೆಯ ಕಾಲವೂ ಭರ್ತಿ ನಡೆದಿರುತ್ತದೆ. 2024ರಿಂದ ನಮ್ಮಲ್ಲಿ ವಾರ್ಷಿಕ ಪರೀಕ್ಷೆಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳು ಬಂದಿವೆ. ಆ ಮನೆಯ ತಂದೆಗೆ ಇದು ತಿಳಿದಿರುವುದಿಲ್ಲ. ತಿಳಿಸಬೇಕಾದ ಉಪನ್ಯಾಸಕರು ನೂರಕ್ಕೆ ತೊಂಬತ್ತೈದು ಪಡೆದವರ ಫೋಟೋವನ್ನು ಫ್ಲೆಕ್ಸಿಗೆ ಹಾಕಿಸುವ ಗಡಿಬಿಡಿಯಲ್ಲಿರುತ್ತಾರೆ.

ಸುಮ್ಮನಿರುವುದು ಒಂದು ಅಪರಾಧವಾದರೆ, ಬಾಯಿಬಿಡುವುದು ಕೆಲವೊಮ್ಮೆ ದೊಡ್ಡ ಅಪರಾಧವಾಗುತ್ತದೆ. ಬಸ್ ನಿಲ್ದಾಣದಲ್ಲಿ ಯಾವನೋ ಹುಡುಗನೊಂದಿಗೆ ಮಾತಾಡಿದಳೆಂದು ಅಪ್ಪನಿಗೆ ಫೋನು ಮಾಡುವ 'ಶಿಸ್ತಿನ' ಮೇಷ್ಟ್ರುಗಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಆ ಫೋನಿನ ಮರುದಿನದಿಂದ ಅವಳು ಬರುವುದಿಲ್ಲ. ಹುಡುಗ ಮಾತ್ರ ಎಂದಿನಂತೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಹುಡುಗಿಯರನ್ನು ಹಿಂಬಾಲಿಸಿ ಪೀಡಿಸುವವರ ಮೇಲೆ ಕ್ರಮ ಕೈಗೊಳ್ಳಲು ಇದೇ ಮೇಷ್ಟ್ರುಗಳಿಗೆ ಧೈರ್ಯವಿಲ್ಲ. 2013ರ ಕಾಯ್ದೆ ಬಂದು ಇಷ್ಟು ವರ್ಷವಾದರೂ ಆಂತರಿಕ ದೂರು ಸಮಿತಿ ಎಷ್ಟೋ ಕಾಲೇಜುಗಳಲ್ಲಿ ಗೋಡೆಯ ಮೇಲಿನ ಒಂದು ಬೋರ್ಡು, ಅಷ್ಟೆ.

ಮದುವೆಯಾದ ಮೇಲೂ ಓದಲು ಬರುವ ಹುಡುಗಿಯರಿದ್ದಾರೆ. ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? 'ಏನಮ್ಮ, ಗಂಡ ಬಿಟ್ಟನಾ ಕಾಲೇಜಿಗೆ?' ಎಂದು ತರಗತಿಯಲ್ಲೇ ನಗೆಯಾಡುವ ಉಪನ್ಯಾಸಕರನ್ನು ನಾನು ಬಲ್ಲೆ. ದುಪಟ್ಟಾದೊಳಗೆ ತಾಳಿ ಮುಚ್ಚಿಟ್ಟುಕೊಂಡು ಕೂರುವ ಹುಡುಗಿಗೆ ಆ ನಗು ಅತ್ತೆಯ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಗರ್ಭಿಣಿಯಾದರಂತೂ ಶೇ. 75 ಹಾಜರಿಯ ನಿಯಮ ಕತ್ತಿಯಾಗುತ್ತದೆ. ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಿಯಲ್ಲಿ ವಿನಾಯಿತಿ ಕೊಡಲು ನಿಯಮ ರೂಪಿಸಿ ಎಂದು ಯು.ಜಿ.ಸಿ. 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿತ್ತು. ನಿಮ್ಮ ಪ್ರಾಂಶುಪಾಲರು ಆ ಪತ್ರ ಓದಿದ್ದಾರೆಯೇ?

ಆಕ್ಷೇಪಣೆಗಳು ನನಗೆ ಗೊತ್ತು. 'ಇದು ಅವರ ಮನೆಯ ವಿಷಯ' ಎನ್ನುವುದು ಮೊದಲನೆಯದು. ಹೆಂಡತಿಯನ್ನು ಹೊಡೆಯುವ ಗಂಡನೂ ಇದನ್ನೇ ಹೇಳುತ್ತಾನೆ. 'ನಮಗೆ ಚುನಾವಣೆ, ಗಣತಿ, ಮೌಲ್ಯಮಾಪನ, ಅದರ ಮೇಲೆ ಇದೂ ಬೇರೆಯೇ?' ಎನ್ನುವುದು ಎರಡನೆಯದು. ಇದರಲ್ಲಿ ಸತ್ಯವಿದೆ. ಖಾಯಂ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ಕಾಲೇಜು ನಡೆಸುವ ಸರ್ಕಾರ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಅತಂತ್ರದಲ್ಲಿರುವವರಿಂದ ವಿದ್ಯಾರ್ಥಿನಿಯ ಮನೆಯ ಬಾಗಿಲು ತಟ್ಟುವ ಧೈರ್ಯವನ್ನು ನಿರೀಕ್ಷಿಸುವುದು ಅನ್ಯಾಯ. ಆದ್ದರಿಂದಲೇ ಇದು ಒಬ್ಬರ ಸಾಹಸವಾಗದೆ ಸಂಸ್ಥೆಯ ಕರ್ತವ್ಯವಾಗಬೇಕು.

ಮೂರನೆಯದು, 'ನಾವು ತಲೆಹಾಕಿದರೆ ಊರಿನವರು ಹೆಣ್ಣುಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ.' ನಾನು ಕೆಲಸ ಮಾಡಿದ ಒಂದು ತಾಲ್ಲೂಕು ಕೇಂದ್ರದಲ್ಲಿ ಹೀಗಾಗಲಿಲ್ಲ. ಒಂದೇ ವರ್ಷ ಮೂವರು ಹುಡುಗಿಯರು ಬರುವುದು ನಿಂತಾಗ ಅಟೆಂಡರ್ ಅಕ್ಕ, ಕನ್ನಡದ ಉಪನ್ಯಾಸಕಿ, ನಾನು ಮನೆಗಳಿಗೆ ಹೋದೆವು. ಪೊಲೀಸರ ಮಾತೆತ್ತಲಿಲ್ಲ. ಮೊದಲು ತಾಯಿಯೊಂದಿಗೆ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು, ಆಮೇಲೆ ಜಗುಲಿಯಲ್ಲಿ ತಂದೆಯೊಂದಿಗೆ. ಇಬ್ಬರು ಮರಳಿ ಬಂದು ಪರೀಕ್ಷೆ ಬರೆದರು. ಮೂರನೆಯವಳು ಬರಲಿಲ್ಲ. ಊರೇನೂ ಕಾಲೇಜಿಗೆ ಬೆನ್ನು ತಿರುಗಿಸಲಿಲ್ಲ. ಮರುವರ್ಷ ಹುಡುಗಿಯರ ದಾಖಲಾತಿ ಕಡಿಮೆಯಾಗಲೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಶಾಲೆ ಕಾಲೇಜುಗಳ ಮುಂದೆ, ಇಲಾಖೆಯ ಮುಂದೆ ನಾವು ಇಡಬೇಕಾದ ಒತ್ತಾಯಗಳು ಇವು:

1. ಹುಡುಗಿಯೊಬ್ಬಳು ಸತತ ಒಂದು ವಾರ ಬಾರದಿದ್ದರೆ ಮನೆಗೆ ಭೇಟಿ ಕಡ್ಡಾಯವಾಗಲಿ. ಒಬ್ಬ ಬೋಧಕರು, ಒಬ್ಬ ಸ್ಥಳೀಯ ಸಿಬ್ಬಂದಿ ಜೊತೆಯಾಗಿ ಹೋಗಲಿ. ಅದಕ್ಕೆ ಕೆಲಸದ ಅವಧಿಯಲ್ಲೇ ಸಮಯ ಕೊಡಲಿ.

2. ಹದಿನೆಂಟು ತುಂಬದ ಹುಡುಗಿಯ ಟಿ.ಸಿ.ಯನ್ನು ಅವಳೊಂದಿಗೆ ಪ್ರತ್ಯೇಕವಾಗಿ ಮಾತಾಡದೆ ಕೊಡಬಾರದು. ನಿಜವಾದ ಕಾರಣವನ್ನೇ ದಾಖಲಿಸಬೇಕು.

3. ಬಾಲ್ಯವಿವಾಹದ ಸುಳಿವು ಸಿಕ್ಕ ದಿನವೇ 1098ಕ್ಕೆ ತಿಳಿಸಬೇಕು. ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ ಎಂಬುದು ಪ್ರತಿ ಸಿಬ್ಬಂದಿಗೂ ಗೊತ್ತಿರಬೇಕು. ತಿಳಿಸಿದವರ ಹೆಸರು ಗುಟ್ಟಾಗಿರಬೇಕು.

4. ಫಲಿತಾಂಶ ಬಂದ ದಿನವೇ ನಪಾಸಾದ ಪ್ರತಿ ಹುಡುಗಿಯ ಮನೆಗೆ ಫೋನು ಹೋಗಲಿ. ಮುಂದಿನ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ತಿಳಿಸಿ, ಪರಿಹಾರ ಬೋಧನೆ ನಡೆಸಲಿ.

5. ಮದುವೆಯಾದ, ಗರ್ಭಿಣಿಯಾದ, ಗಂಡನ ಮನೆ ಬಿಟ್ಟು ಬಂದ ಹುಡುಗಿಯರಿಗೆ ಹಾಜರಿ ವಿನಾಯಿತಿ, ಮರುದಾಖಲಾತಿ ಸುಲಭವಾಗಲಿ. ಅಂಕಪಟ್ಟಿ ಅವಳ ಆಸ್ತಿ. ಅತ್ತೆಮನೆಯವರು ಕಿತ್ತಿಟ್ಟುಕೊಂಡಿದ್ದರೆ ನಕಲು ಪ್ರತಿಯ ಅರ್ಜಿಯನ್ನು ಕಾಲೇಜೇ ಬರೆದು ಕಳಿಸಲಿ, ಅವಳನ್ನು ಕಚೇರಿಯಿಂದ ಕಚೇರಿಗೆ ಅಲೆಸದಿರಲಿ.

6. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಹುಡುಗರಿಗೂ ಓದಿಸಲಿ. ವರದಕ್ಷಿಣೆ ಕೇಳುವವನು ನಾಳೆ ಹುಟ್ಟಿಬರುವುದಿಲ್ಲ, ಇಂದು ನಮ್ಮ ತರಗತಿಯಲ್ಲೇ ಕೂತಿದ್ದಾನೆ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಾಲೇಜಿನವರೆಗಿನ ಪ್ರಯಾಣ ಪುಕ್ಕಟೆಯಾಯಿತು, ಒಳ್ಳೆಯದು. ಆದರೆ ಬಸ್ಸು ಹತ್ತಿ ಬಂದವಳು ಮೂರು ವರ್ಷ ಅಲ್ಲೇ ಉಳಿದು ಸರ್ಟಿಫಿಕೇಟು ಹಿಡಿದು ಹೊರಬರುವಂತೆ ನೋಡಿಕೊಳ್ಳುವ ಕೆಲಸ ಯಾವ ಗ್ಯಾರಂಟಿ ಯೋಜನೆಯಲ್ಲೂ ಇಲ್ಲ. ಅದು ಸಂಬಳ ಪಡೆಯುವ ನಮ್ಮ ವೃತ್ತಿಯ ಕೆಲಸ.

ಗೆಳತಿಯರೇ, ಈ ವರ್ಷ ನಿಮ್ಮೂರಿನ ಮಹಿಳಾ ಸಂಘದಿಂದ ನಾಲ್ಕು ಜನ ಸೇರಿ ಹತ್ತಿರದ ಕಾಲೇಜಿಗೆ ಹೋಗಿ. ಕಳೆದ ವರ್ಷ ಜೂನ್‌ನಲ್ಲಿ ಎಷ್ಟು ಹುಡುಗಿಯರು ಸೇರಿದ್ದರು, ಮಾರ್ಚಿನಲ್ಲಿ ಎಷ್ಟು ಮಂದಿ ಪರೀಕ್ಷೆ ಬರೆದರು ಎಂದು ಕೇಳಿ. ಬಾಯಿಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಡುವೆ ಕಾಣೆಯಾದವರ ಪಟ್ಟಿ ಕೈಗೆ ಬಂದ ದಿನ, ಒಂದೊಂದೇ ಮನೆಯ ದಾರಿ ಹಿಡಿಯಿರಿ.