ಜಾಮೀನು ಬೇಡದ ನಂಬಿಕೆ

ವಿಜ್ಞಾನ ಓದಿದವನು ದೇವರನ್ನು ನಂಬಲಾರ, ದೇವರನ್ನು ನಂಬಿದವನಿಗೆ ವಿಜ್ಞಾನ ಹಿಡಿಸಲಾರದು ಎಂಬ ಮಾತು ನಮ್ಮಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗ ಒಂದು ಕಡೆ, ಜಪಮಾಲೆ ಹಿಡಿದ ಅಜ್ಜಿ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡವರು ನಮ್ಮಂಥ ಸಂಸಾರವಂದಿಗರು. ಈ ವ್ಯಾಜ್ಯದಲ್ಲಿ ಬೆಲ್ಜಿಯಂ ದೇಶದ ಒಬ್ಬ ಪಾದ್ರಿ ನಡೆದುಕೊಂಡ ರೀತಿಯನ್ನು ಈ ಸಲ ವಾಚಕರ ಮುಂದಿಡುತ್ತೇನೆ.

ಮೊದಲು ಎರಡು ಪಕ್ಷಗಳ ಮಾತನ್ನೂ ಕೇಳೋಣ. ಈ ಜಗತ್ತು ತಾನೇ ತಾನಾಗಿ ಇರುವುದಲ್ಲ, ದೇವರು ಶೂನ್ಯದಿಂದ ಉಂಟುಮಾಡಿದ್ದು. ಅದಕ್ಕೊಂದು ಆದಿ, ಒಂದು ಗುರಿ ಉಂಟು ಎನ್ನುವುದು ಕ್ರೈಸ್ತ ದೃಷ್ಟಿ. ಜಗತ್ತಿನಲ್ಲಿ ನಡೆಯುವುದಕ್ಕೆಲ್ಲ ಜಗತ್ತಿನೊಳಗೇ ಕಾರಣ ಹುಡುಕಬೇಕು, ದೇವರ ಹೆಸರನ್ನು ನಡುವೆ ತರಕೂಡದು ಎನ್ನುವುದು ಆಧುನಿಕ ಲೌಕಿಕ ದೃಷ್ಟಿ.

ಜಾರ್ಜ್ ಲೆಮೈತ್ರೆ ಹುಟ್ಟಿದ್ದು 1894ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದು, 1923ರಲ್ಲಿ ಪಾದ್ರಿಯ ದೀಕ್ಷೆ ಪಡೆದರು. ಗಣಿತವನ್ನೂ ಬಿಡಲಿಲ್ಲ. ವಿಶ್ವವು ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕಹಾಕಿ ತೋರಿಸಿದರು. ಲೆಕ್ಕವನ್ನೊಪ್ಪಿದ ಐನ್‌ಸ್ಟೈನರು ಅದರ ಅರ್ಥವನ್ನು ಮಾತ್ರ ಒಪ್ಪಲಿಲ್ಲ. 1929ರಲ್ಲಿ ಅಮೆರಿಕದ ಹಬಲ್ ಪ್ರಕಟಿಸಿದ ಅಳತೆಗಳು ಲೆಮೈತ್ರೆಯವರ ಕಡೆಗೇ ವಾಲಿದವು. ಹಿಗ್ಗುತ್ತಿರುವುದು ಹಿಂದೊಮ್ಮೆ ಕುಗ್ಗಿದ್ದಿರಬೇಕು ತಾನೆ? 1931ರಲ್ಲಿ ಅವರು ಎಲ್ಲಕ್ಕೂ ಮೂಲವಾದ ಒಂದು 'ಆದಿ ಪರಮಾಣು'ವಿನ ಮಾತೆತ್ತಿದರು. ಇಂದಿನ ಮಹಾಸ್ಫೋಟ ಸಿದ್ಧಾಂತದ ಬೇರು ಅಲ್ಲಿದೆ.

ಜಗತ್ತಿಗೆ ಆದಿ ಉಂಟೆಂದು ನಿಲುವಂಗಿ ತೊಟ್ಟ ಪಾದ್ರಿಯೇ ಹೇಳಿದರೆ ಅನುಮಾನ ಬಾರದಿರುತ್ತದೆಯೆ? ಬೈಬಲ್ಲನ್ನು ಹಿತ್ತಲ ಬಾಗಿಲಿನಿಂದ ಒಳತರುತ್ತಿದ್ದಾರೆ ಎಂಬ ಶಂಕೆ ಹುಟ್ಟಿತು. ಇಂಗ್ಲೆಂಡಿನ ಹಾಯ್ಲ್, ಬಾಂಡಿ, ಗೋಲ್ಡ್ ಎಂಬವರು 1948ರಲ್ಲಿ ಆದಿಯೂ ಅಂತ್ಯವೂ ಇಲ್ಲದ ವಿಶ್ವವನ್ನು ಪ್ರತಿಪಾದಿಸಿದರು. ಹಾಯ್ಲರ ವಿರೋಧದಲ್ಲಿ ವಿಜ್ಞಾನದ ಕಾರಣಗಳೂ ಇದ್ದವು, ಧರ್ಮದ ವಾಸನೆಯ ಮೇಲಿನ ಅಸಹನೆಯೂ ಇತ್ತು. ಪುಣೆಯ ವಾಚಕರಿಗೆ ಪರಿಚಿತವಾದ ಅಯುಕಾ ಖಗೋಳ ಕೇಂದ್ರದ ಸ್ಥಾಪಕ ನಿರ್ದೇಶಕ ಜಯಂತ ನಾರ್ಳೀಕರರು ಈ ಹಾಯ್ಲರ ಶಿಷ್ಯರೇ.

ಇತ್ತ ಆಸ್ತಿಕರಿಗೆ ಹಬ್ಬ. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಿಯಸ್ ಅವರು ಮಾಡಿದ ಭಾಷಣದಲ್ಲಿ ಹೊಸ ವಿಜ್ಞಾನವು ಸೃಷ್ಟಿಕರ್ತನ ಕಡೆಗೇ ಬೊಟ್ಟುಮಾಡುತ್ತಿದೆ ಎಂಬ ಧ್ವನಿಯಿತ್ತು. ಲೆಮೈತ್ರೆ ಹಿಗ್ಗಬೇಕಾಗಿತ್ತಲ್ಲವೆ? ಅವರಿಗೆ ಇದು ಸರಿಬೀಳಲಿಲ್ಲ. ವಿಜ್ಞಾನದ ಒಂದು ಸಿದ್ಧಾಂತವನ್ನು ದೇವರಿಗೆ ಜಾಮೀನು ನಿಲ್ಲಿಸಿದರೆ, ನಾಳೆ ಆ ಸಿದ್ಧಾಂತ ದಿವಾಳಿಯೆದ್ದಾಗ ದೇವರ ಗತಿ ಏನು? ಮರುವರ್ಷ ಖಗೋಳಜ್ಞರನ್ನು ಕುರಿತು ಮಾತನಾಡಿದಾಗ ಪೋಪರು ಆ ವಾದವನ್ನು ಮತ್ತೆ ಎತ್ತಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗೆ ನಿಂತದ್ದು, ನಾಸ್ತಿಕನ ಸ್ವಾತಂತ್ರ್ಯವನ್ನು ಅದು ಕಸಿಯುವುದಿಲ್ಲ ಎಂಬ ಅರ್ಥದ ಮಾತನ್ನು ಲೆಮೈತ್ರೆ 1958ರಲ್ಲಿ ಬ್ರಸೆಲ್ಸಿನ ವಿಜ್ಞಾನಿಗಳ ಸಭೆಯಲ್ಲಿ ಆಡಿದರು.

ಇದು ಅವರ ಸ್ವಂತ ಜಾಣತನವೇನಲ್ಲ. ಜಗತ್ತಿಗೆ ಆದಿ ಇತ್ತೆಂದು ಬರಿಯ ತರ್ಕದಿಂದ ಸಾಧಿಸಲಾಗದು ಎಂದು 13ನೆಯ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಹೇಳಿದ್ದರು. ಸೃಷ್ಟಿಯೆಂದರೆ ಎಂದೋ ಒಂದು ದಿನ ನಡೆದ ಘಟನೆಯಷ್ಟೇ ಅಲ್ಲ; ಜಗತ್ತು ಪ್ರತಿಕ್ಷಣವೂ ದೇವರನ್ನು ಆಶ್ರಯಿಸಿ ನಿಂತಿದೆಯೆಂಬುದು. ದೀಪ ಎಂದು ಹಚ್ಚಿದ್ದೆಂಬುದು ಒಂದು ಪ್ರಶ್ನೆ, ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದು ಇನ್ನೊಂದು.

1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬವರಿಗೆ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಕ್ಷೀಣ ತರಂಗಗಳು ಸಿಕ್ಕವು. ಅದು ವಿಶ್ವದ ಬಾಲ್ಯದ ಬಿಸಿಯ ಉಳಿಕೆ. 1966ರಲ್ಲಿ ತೀರಿಕೊಳ್ಳುವ ಮುನ್ನ ಲೆಮೈತ್ರೆಯವರ ಕಿವಿಗೆ ಈ ಸುದ್ದಿ ಬಿತ್ತು. ಅವರ ಲೆಕ್ಕ ಗೆದ್ದಿತ್ತು. ಅವರ ನಂಬಿಕೆಗೆ ಮಾತ್ರ ಆ ಗೆಲುವು ಬೇಕಾಗಿರಲಿಲ್ಲ.

ಹೀಗೆ ಗೆರೆ ಎಳೆದರೆ ಎಲ್ಲವೂ ಸುಲಭವಾಯಿತೆಂದಲ್ಲ. ರುಜುವಾತಿಲ್ಲದೆ ನಂಬಬೇಕಾದ ಕಷ್ಟ ಆಸ್ತಿಕನಿಗೆ ತಪ್ಪದು. ನಾಸ್ತಿಕನಿಗಾದರೂ ದುರ್ಬೀನಿನಲ್ಲಿ ದೇವರು ಕಾಣಲಿಲ್ಲವೆಂಬ ಮಾತ್ರಕ್ಕೆ ಬಾಳಿಗೆ ಅರ್ಥವೇ ಇಲ್ಲವೆಂದು ಷರಾ ಬರೆಯುವ ಅಧಿಕಾರ ಬರದು. ಆ ಅರ್ಥವನ್ನು ಅವನೂ ಬೇರೆಲ್ಲೋ ಹುಡುಕಿಕೊಳ್ಳಬೇಕು.

ಈ ಮಾತು ಕ್ರೈಸ್ತರಿಗೆ ಮಾತ್ರವಲ್ಲ. ವಿಜ್ಞಾನಿಗಳು ಹೊಸದೇನನ್ನಾದರೂ ಕಂಡೊಡನೆ 'ಇದೆಲ್ಲ ನಮ್ಮ ಪುರಾಣದಲ್ಲಿ ಮೊದಲೇ ಇತ್ತು' ಎಂದು ಮಕ್ಕಳೆದುರು ಎದೆಯುಬ್ಬಿಸುವವರು ನಮ್ಮಲ್ಲೂ ಕಡಮೆಯಿಲ್ಲ. ಅಜ್ಜಿಯ ಜಪಮಾಲೆಗೆ ಮೊಮ್ಮಗನ ಪಠ್ಯಪುಸ್ತಕದ ಜಾಮೀನು ಬೇಡ. ಮೊಮ್ಮಗನ ಪುಸ್ತಕಕ್ಕೂ ಅಜ್ಜಿಯ ಅಪ್ಪಣೆ ಬೇಡ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲು ಅಡ್ಡಿಯೇನು?