ವಾಯುಗುಣದ ಬದಲಾವಣೆಗೆ ಸರಿಯಾದ ಸಾಕ್ಷಿ ಯಾವುದು?

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಘಟ್ಟಗಳ ಮಳೆಯ ಮರೆಯಲ್ಲಿರುವುದರಿಂದ ಇಲ್ಲಿಯ ಬೇಸಾಯವು ಭರಣಿ, ಕೃತ್ತಿಕೆಗಳ ಮಳೆಯನ್ನೂ ಹಿಂಗಾರನ್ನೂ ನಂಬಿಕೊಂಡು ನಡೆಯುವುದು. ಮಳೆ ತಪ್ಪಿದಾಗ ರೈತರು ಕಾರಣವನ್ನು ಕೇಳುವುದು ಗ್ರಾಮದ ಯಜಮಾನರನ್ನೇ. ಆದಕಾರಣ ಭೂಮಿಯ ವಾಯುಗುಣವು ಮನುಷ್ಯರ ಕಾರ್ಯದಿಂದಲೇ ಬದಲಾಗುತ್ತಿದೆಯೆಂಬುದಕ್ಕೆ ಆಧಾರಗಳೇನೆಂಬುದನ್ನು ಯಜಮಾನರೂ ಜಮೀನುದಾರರೂ ಸರಿಯಾಗಿ ತಿಳಿದಿರತಕ್ಕದ್ದು.

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದುಂಟು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಆ ಬರವೊಂದೇ ಸಾಕ್ಷಿಯೆಂದು ಸಾರಿದವರು, 2024ರಲ್ಲಿ ರಾಜ್ಯಕ್ಕೆ ಮುಂಗಾರು ಚೆನ್ನಾಗಿ ಬಂದಾಗ ಉತ್ತರವಿಲ್ಲದೆ ನಿಲ್ಲಬೇಕಾಗುವುದು. ಒಂದು ವರ್ಷದ ಮಳೆಬಿಸಿಲು ಹವಾಮಾನ. 30 ವರ್ಷಗಳ ಸರಾಸರಿ ವಾಯುಗುಣ. ಒಂದು ಫಸಲನ್ನು ನೋಡಿ ಹೊಲದ ಸತ್ವವನ್ನು ಯಾವ ಬೇಸಾಯಗಾರನೂ ನಿರ್ಣಯಿಸುವುದಿಲ್ಲ.

ಸರಿಯಾದ ಸಾಕ್ಷಿಗಳು ಬೇರೆ. ಶಾಖವನ್ನು ಹಿಡಿದಿಡುವ ಇಂಗಾಲಾಮ್ಲವಾಯುವು 1750ಕ್ಕೆ ಮುಂಚೆ ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದಿತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಸುಮಾರು 315 ಇದ್ದುದು, ಈಗ 420ನ್ನು ಮೀರಿದೆ. ಇದು ಎಲ್ಲಿಂದ ಬಂತೆಂಬುದಕ್ಕೆ ದನದ ಮೈಮೇಲಿನ ಬರೆಯಂತೆ ಗುರುತುಂಟು. ಗಿಡಮರಗಳಲ್ಲಿಯೂ, ಪುರಾತನ ಸಸ್ಯಗಳಿಂದಾದ ಕಲ್ಲಿದ್ದಲಿನಲ್ಲಿಯೂ ಭಾರವಾದ ಬಗೆಯ ಇಂಗಾಲದ ಪಾಲು ಕಡಿಮೆ. ಗಾಳಿಯಲ್ಲಿಯೂ ಈಗ ಅದೇ ಪಾಲು ಕುಗ್ಗುತ್ತಿದೆ. ಜ್ವಾಲಾಮುಖಿಗಳಿಂದ ಬಂದುದಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸೂರ್ಯನ ತಾಪವೇ ಹೆಚ್ಚಿರಬಹುದೆಂದು ಕೆಲವರು ವಾದಿಸುವರು. ಹಾಗಿದ್ದರೆ ವಾಯುಮಂಡಲದ ಮೇಲಣ ಪದರವೂ ಕಾಯಬೇಕಾಗಿತ್ತು. ಕೆಳಗೆ ಕಾವೇರುತ್ತಿದ್ದರೂ ಆ ಪದರವು ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗಾಗುವುದೇ ಹೊರತು ಕಂಬಳಿಯ ಹೊರಗಣ ಗಾಳಿಯಲ್ಲ. 1850–1900ರ ಕಾಲಕ್ಕಿಂತ 2011–2020ರಲ್ಲಿ ಭೂಮಿಯ ಶಾಖವು ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿದ್ದಿತು. ಒಂದು ಡಿಗ್ರಿ ಏರಿದರೆ ಗಾಳಿಯು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ನೆಲವು ಬೇಗ ಒಣಗುವುದೂ, ಮಳೆ ಬಂದಾಗ ಒಮ್ಮೆಲೇ ಸುರಿಯುವುದೂ ಹೆಚ್ಚುವುದು.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಈಗಿನ ಕಷ್ಟವನ್ನು ಕೆಟ್ಟ ಕಾಲವೆಂದಷ್ಟೇ ಎಣಿಸುವ ರೈತನು, ಅದು ಕಳೆದೀತೆಂದು ಸಾಲ ಮಾಡಿ ಅರಿಸಿನಕ್ಕೆ ಇನ್ನೊಂದು ಕೊಳವೆಬಾವಿ ಕೊರೆಯಿಸುವನು. ಕಾರಣವನ್ನರಿತವನು ಬದು ಹಾಕಿ, ಕೃಷಿಹೊಂಡ ತೋಡಿ, ರಾಗಿ ಜೋಳಗಳಿಗೂ ಸ್ವಲ್ಪ ನೆಲವನ್ನು ಉಳಿಸುವನು. ಅಂಥ ರೈತನ ಮೇಲೆ ತಪ್ಪು ಹೊರಿಸುವುದೂ ನ್ಯಾಯವಲ್ಲ. ಹೊಗೆಯ ಬಹುಭಾಗ ಅವನ ಒಲೆಯದಲ್ಲ.

ಆದುದರಿಂದ ಯಜಮಾನರು ಪಂಚಾಯಿತಿಯ ಮಳೆಮಾಪಕದ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟು ಸಭೆಯಲ್ಲಿ ಓದಿಸುವುದು ಒಳ್ಳೆಯದು. ನಿಶ್ಚಯವಾದುದನ್ನು ನಿಶ್ಚಯವಾಗಿಯೂ, ಸಂಭವವನ್ನು ಸಂಭವವೆಂದೂ ಹೇಳಬೇಕು. ಹಿಗ್ಗಿಸಿ ಹೇಳಿದ ಸತ್ಯವು ಒಂದು ಒಳ್ಳೆಯ ಮಳೆಗೆ ಕೊಚ್ಚಿಹೋಗುವುದು. ಅಳತೆಯಿಟ್ಟು ಹೇಳಿದ ಸತ್ಯವು ನಿಲ್ಲುವುದು.