ಹೊಗೆಯ ಲೆಕ್ಕವನ್ನು ಯಾರು ಒಪ್ಪಿಸಬೇಕು?

ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಶರಣೆ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಮರಳಿ ಸುರಿದು ಬರುವಂತೆ ಪತಿಗೆ ತಿಳಿಹೇಳಿದರು. ಪರರ ಪಾಲು ಬೆರೆತ ಗಳಿಕೆ ಕಾಯಕವಾಗದು ಎಂಬುದು ಈ ಪ್ರಸಂಗದ ತಿರುಳು.

ಇಂದು ಈ ಮಾತನ್ನು ಕೊಪ್ಪಳದ ಉಕ್ಕು ಹಾಗೂ ಸ್ಪಾಂಜ್ ಐರನ್ ಕಾರ್ಖಾನೆಗಳ ಮುಂದಿಡಬೇಕಾಗಿದೆ. ಗಿಣಿಗೇರಿ, ಹಿರೇಬಗನಾಳ, ಅಲ್ಲಾನಗರ ಮೊದಲಾದ ಗ್ರಾಮಗಳಲ್ಲಿ ಬೆಳೆ, ಮೇವು, ಮಾಳಿಗೆಗಳ ಮೇಲೆ ಕಪ್ಪು ಧೂಳು ಕೂರುತ್ತಿದೆಯೆಂದು, ಕೆಮ್ಮು ಉಬ್ಬಸಗಳು ಬಿಡುತ್ತಿಲ್ಲವೆಂದು ಜನರು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಬಲ್ಡೋಟ ಸಂಸ್ಥೆಯ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಪೂಜ್ಯ ಶ್ರೀ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ಜನರೊಡನೆ ಬೀದಿಗಿಳಿದರು. ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಕಾಮಗಾರಿ ನಿಲ್ಲಿಸುವಂತೆ ಸೂಚಿಸಿದರು.

ಆದರೆ ಬರುವ ಹೊಗೆಯನ್ನು ತಡೆದ ಮಾತ್ರಕ್ಕೆ ಈಗಾಗಲೇ ಎದೆಯೊಳಗೆ ಇಳಿದ ಹೊಗೆಯ ಲೆಕ್ಕ ತೀರುವುದೇ? ಕಾರ್ಖಾನೆಯ ಖಾತೆಯಲ್ಲಿ ಅದಿರು, ಕಲ್ಲಿದ್ದಲು, ವಿದ್ಯುತ್ತು, ಕೂಲಿ ಎಲ್ಲಕ್ಕೂ ಬೆಲೆಯುಂಟು. ನೆರೆಯ ರೈತನ ಕೆಟ್ಟ ಬೆಳೆಗೆ, ಅವನ ಮಗುವಿನ ಔಷಧದ ಚೀಟಿಗೆ ಅಲ್ಲಿ ಒಂದು ಸಾಲೂ ಇಲ್ಲ. ಧೂಳು ಹಿಡಿಯುವ ಯಂತ್ರವನ್ನು ಓಡಿಸಲು ವಿದ್ಯುತ್ತು ಬೇಕು. ಅದನ್ನು ನಿಲ್ಲಿಸಿ ಯಾರಾದರೂ ಹಣ ಉಳಿಸಿದರೆ ಅದು ಉಳಿತಾಯವಲ್ಲ, ನೆರೆಯವನ ದೇಹದಿಂದ ಕಸಿದುಕೊಂಡದ್ದು.

‘ಕಾರ್ಖಾನೆ ಅನ್ನ ಕೊಡುತ್ತದೆ’ ಎನ್ನುವವರುಂಟು. ಯಲಬುರ್ಗಾ, ಕುಷ್ಟಗಿಗಳಿಂದ ಗುಳೆ ಹೋಗುವವರ ನಾಡಿನಲ್ಲಿ ಈ ಮಾತನ್ನು ಹಗುರವಾಗಿ ಕಾಣಲಾಗದು. ಆದರೆ ಕೂಲಿಯು ಬೆವರಿಗೆ ಸಲ್ಲುವ ಬೆಲೆಯೇ ಹೊರತು, ಗೇಟಿನ ಹೊರಗೆ ಮಲಗಿರುವ ವೃದ್ಧೆಯ ಉಸಿರಿಗೆ ಕೊಟ್ಟ ಬೆಲೆಯಲ್ಲ. ಒಬ್ಬನಿಗೆ ಕೊಟ್ಟ ಕೂಲಿಯಿಂದ ಇನ್ನೊಬ್ಬನ ಸಾಲ ತೀರುವುದಿಲ್ಲ.

ಇದು ಕೇವಲ ಧರ್ಮದ ಮಾತಲ್ಲ. ಅಪಾಯಕಾರಿ ಉದ್ಯಮದಿಂದಾದ ಹಾನಿಗೆ ಆ ಉದ್ಯಮವೇ ಸಂಪೂರ್ಣ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರಲ್ಲೇ ಸಾರಿತು. ಮಲಿನಗೊಳಿಸಿದವನೇ ಬೆಲೆ ತೆರಬೇಕೆಂಬ ತತ್ತ್ವವನ್ನು 1996ರಲ್ಲಿ ಎತ್ತಿಹಿಡಿಯಿತು. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದನ್ನು ನಡೆಸುವ ಮನಸ್ಸಿನಲ್ಲಿ.

ಆದುದರಿಂದ ಧೂಳು ಬೀಳುವ ಪ್ರತಿ ಗ್ರಾಮದಲ್ಲೂ ಕಾರ್ಖಾನೆಗಳ ಖರ್ಚಿನಲ್ಲಿ, ಆದರೆ ಅವುಗಳ ಹಂಗಿಲ್ಲದ ವೈದ್ಯರಿಂದ ಆರೋಗ್ಯ ತಪಾಸಣೆ ನಡೆಯಲಿ. ಚಿಕಿತ್ಸೆಯ ವೆಚ್ಚ, ಬೆಳೆಯ ನಷ್ಟ ಭರಿಸಲ್ಪಡಲಿ. ದಿನದಿನದ ಹೊಗೆಯ ಅಳತೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಹಳೆಯ ಬಾಕಿ ತೀರುವವರೆಗೆ ಹೊಸ ಚಿಮಣಿ ಏಳದಿರಲಿ. ಸದ್ಭಕ್ತರು ಇದನ್ನು ಬೇಡುವುದು ಭಿಕ್ಷೆಯೆಂದಲ್ಲ, ಸಲ್ಲಬೇಕಾದ ಸಾಲವೆಂದು.